ಅಚ್ಚುಕೂಟಕ್ಕೆ ಆದೇಶಪತ್ರವನ್ನು ಬರೆದುಕೊಡುವ ಕ್ರಮ

(ಕೊಳೆರೋಗದ ಕರಪತ್ರವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸಿದುದು)

ಮಲೆನಾಡಿನ ಅಡಕೆ ತೋಟಗಳಿಗೆ ಮುಂಗಾರಿನಲ್ಲಿ ತಗಲುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯು ತಕ್ಕ ತಡೆಯೆಂಬುದು ಹೊಸ ಮಾತೇನೂ ಅಲ್ಲ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತ ತಮ್ಮ ಶೋಧನೆಯನ್ನು 1910ನೆಯ ಇಸವಿಯಲ್ಲಿಯೇ ಪ್ರಕಟಪಡಿಸಿದರು. ಆದರೆ ತಿಳಿದಿರುವ ವಿಷಯವು ದ್ರಾವಣವನ್ನು ಕಲಸುವವನ ಕೈಗೆ ಸರಿಯಾದ ಅಳತೆಯೊಡನೆ, ಮಳೆ ಹಿಡಿಯುವುದಕ್ಕೆ ಮುಂಚೆ ತಲಪದೆ ಹೋದರೆ ಅದರಿಂದ ಪ್ರಯೋಜನವಿಲ್ಲ. ಈ ಕಾರಣದಿಂದಲೇ ಅನೇಕ ಗ್ರಾಮಗಳಲ್ಲಿ ಸಹಕಾರ ಸಂಘದವರೂ ತೋಟದ ಯಜಮಾನರೂ ಕೂಡಿ ಕರಪತ್ರವನ್ನು ಅಚ್ಚುಹಾಕಿಸಿ ಹಂಚುವುದುಂಟು. ಅಂತಹ ಕೆಲಸವನ್ನು ಮುದ್ರಕರಿಗೆ ಒಪ್ಪಿಸುವಾಗ ಯಾವ ಯಾವ ಅಂಶಗಳನ್ನು ಬರೆದುಕೊಡತಕ್ಕದ್ದೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ಮನಸ್ಸಿನಲ್ಲಿಡಬೇಕಾದ ಸಂಗತಿಯೊಂದುಂಟು. ಮುದ್ರಕನು ಅಕ್ಷರಗಳನ್ನು ಬಲ್ಲವನೇ ಹೊರತು ತೋಟವನ್ನು ಬಲ್ಲವನಲ್ಲ. ಬರೆದುಕೊಟ್ಟುದನ್ನು ಅವನು ಅಚ್ಚುಹಾಕುವನು. ಬರೆಯದೆ ಬಿಟ್ಟುದನ್ನು ತನ್ನ ಅನುಕೂಲದಂತೆ ತೀರ್ಮಾನಿಸುವನು. “ಚೆನ್ನಾಗಿ ಮಾಡಿಕೊಡಿ” ಎಂಬ ಬಾಯಿಮಾತು ಆದೇಶವಲ್ಲ. ಬಿತ್ತನೆಗೆ ಆಳುಗಳನ್ನು ಹಚ್ಚುವ ಯಜಮಾನನು ಸಾಲಿನ ಅಂತರವನ್ನೂ ಬೀಜದ ಪ್ರಮಾಣವನ್ನೂ ಹೇಳಿಯೇ ಕಳುಹಿಸುವಂತೆ, ಅಚ್ಚುಕೂಟಕ್ಕೂ ಎಲ್ಲವನ್ನೂ ಹೇಳಿಯೇ ಕಳುಹಿಸಬೇಕು.

1. ಉದ್ದೇಶ.—ಕರಪತ್ರವನ್ನು ಓದುವವರು ಯಾರು, ಎಲ್ಲಿ ಓದುವರು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯತಕ್ಕದ್ದು. “ತೋಟದ ಮನೆಯ ಗೋಡೆಗೆ ತೂಗುಹಾಕಿ, ದ್ರಾವಣ ಕಲಸುವಾಗ ನಿಂತು ಓದುವುದಕ್ಕೆ” ಎಂದು ಬರೆದರೆ ಅಕ್ಷರಗಳು ದಪ್ಪವಾಗಿರಬೇಕೆಂಬುದೂ, ಕಾಗದವು ತೇವಕ್ಕೆ ತಡೆಯಬೇಕೆಂಬುದೂ ಮುದ್ರಕನಿಗೆ ತಾನಾಗಿಯೇ ತಿಳಿಯುತ್ತದೆ.

2. ಹಸ್ತಪ್ರತಿ.—ಅಚ್ಚಾಗಬೇಕಾದ ವಿಷಯವನ್ನು ಕಾಗದದ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಸ್ಥಳ ಬಿಟ್ಟು, ಸ್ಫುಟವಾಗಿ ಬರೆದುಕೊಡತಕ್ಕದ್ದು. ತಲೆಬರಹ ಯಾವುದು, ದಪ್ಪಕ್ಷರದಲ್ಲಿರಬೇಕಾದ ಸಾಲು ಯಾವುದು ಎಂಬುದನ್ನು ಅಡಿಗೆರೆಯಿಂದ ತೋರಿಸಬೇಕು. ಈಗ ಅನೇಕರು ವಿಷಯವನ್ನು ಮೊಬೈಲಿನಲ್ಲಿಯೇ ಬರೆದು ಕಳುಹಿಸುತ್ತಾರೆ. ಅದು ತಪ್ಪಲ್ಲ, ಆದರೆ ಮೊಬೈಲಿನ ಕನ್ನಡವು ಯೂನಿಕೋಡ್ ಕ್ರಮದ್ದು. ಅಚ್ಚುಕೂಟದ ಗಣಕಯಂತ್ರದಲ್ಲಿ ಹಳೆಯ ಕ್ರಮದ ಅಕ್ಷರಗಳಿದ್ದರೆ, ಒಂದರಿಂದ ಮತ್ತೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುವ ಸಂಭವವುಂಟು. ಆದಕಾರಣ ಮೊಬೈಲಿನ ಬರಹದೊಡನೆ ಕಾಗದದ ಪ್ರತಿಯೊಂದನ್ನೂ ಕೊಟ್ಟು, “ಕಾಗದದ ಪ್ರತಿಯೇ ಪ್ರಮಾಣ” ಎಂದು ಆದೇಶಪತ್ರದಲ್ಲಿ ಬರೆಯುವುದು ಲೇಸು.

3. ಅಂಕಿಗಳು.—ಎಲ್ಲಕ್ಕಿಂತಲೂ ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಮೈಲುತುತ್ತವನ್ನು 50 ಲೀಟರಿನಲ್ಲಿಯೂ ಸುಣ್ಣವನ್ನು ಉಳಿದ 50 ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಬೇಕು. ಕರಪತ್ರದಲ್ಲಿ 1 ಎಂಬುದು 10 ಆದರೆ, ಅಥವಾ ಸುಣ್ಣದ ಸಾಲೇ ಬಿಟ್ಟುಹೋದರೆ, ಎಳೆಯ ಕಾಯಿಗಳು ಸುಟ್ಟುಹೋಗುವುವು. 100 ಎಂಬುದು 1000 ಆದರೆ ದ್ರಾವಣವು ಸಾರಹೀನವಾಗಿ ರೋಗವು ತಡೆಯದು. ಒಂದು ಸೊನ್ನೆಯ ತಪ್ಪಿನಿಂದ ಊರಿಗೆ ಊರೇ ವರ್ಷದ ಫಸಲನ್ನು ಕಳೆದುಕೊಳ್ಳಬಹುದು. ಆದುದರಿಂದ ಪ್ರತಿಯೊಂದು ಪ್ರಮಾಣವನ್ನೂ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯತಕ್ಕದ್ದು: “1 (ಒಂದು) ಕಿಲೋಗ್ರಾಂ”. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಟಕ್ಕೆ ಒಂದೇ ಆಗಿರುವುದರಿಂದ, ಯಾವ ಲಿಪಿಯ ಅಂಕಿಗಳನ್ನು ಬಳಸಬೇಕೆಂಬುದನ್ನೂ ತಿಳಿಸಿ, ಕರಪತ್ರದ ಉದ್ದಕ್ಕೂ ಅದನ್ನೇ ಇಡಿಸಬೇಕು. ಕೊಡ, ಡಬ್ಬ, ಬೊಗಸೆ ಮೊದಲಾದ ಅಳತೆಗಳು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಅವುಗಳನ್ನು ಬರೆಯಕೂಡದು. 200 ಲೀಟರಿನ ಪೀಪಾಯಿಯಲ್ಲಿ ಕಲಸುವವರಿಗೆ ಎರಡು ವಸ್ತುಗಳೂ ತಲಾ 2 (ಎರಡು) ಕಿಲೋಗ್ರಾಂ ಎಂದು ಬೇರೆಯಾಗಿ ತೋರಿಸಬಹುದು.

4. ಆಕಾರ, ಕಾಗದ, ಬಣ್ಣ.—“ಸಾಧಾರಣ ಅಳತೆ” ಎಂದು ಬರೆಯಬಾರದು. ಎ-4 ಹಾಳೆಯು 210 ಮಿಲಿಮೀಟರು ಅಗಲ, 297 ಮಿಲಿಮೀಟರು ಉದ್ದ. ಅದರ ಅರ್ಧವಾದ ಎ-5 ಹಾಳೆಯು 148 ಅಗಲ, 210 ಉದ್ದ. ಕೈಯಲ್ಲಿ ಹಂಚುವುದಕ್ಕೆ ಎ-5, ಗೋಡೆಗೆ ಎ-4 ಒಪ್ಪುತ್ತದೆ. ಕಾಗದದ ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಹೇಳುವುದು ವಾಡಿಕೆ. ಇದನ್ನೇ ಮುದ್ರಕರು ಜಿ.ಎಸ್.ಎಂ. ಎನ್ನುವರು. ಕೈಹಾಳೆಗೆ 70 ಅಥವಾ 80 ಸಾಕು. ಗೋಡೆಯ ಪ್ರತಿಗಳಿಗೆ ಇನ್ನೂ ದಪ್ಪ ಕಾಗದವನ್ನು ಗೊತ್ತುಮಾಡಿ, ಮೇಲೆ ಲ್ಯಾಮಿನೇಷನ್ ಪೊರೆಯನ್ನು ಹಾಕಿಸಿದರೆ ಮಳೆಗಾಲದ ತೇವಕ್ಕೆ ಬಾಳುವುವು. ಆಫ್‌ಸೆಟ್ ಮುದ್ರಣದಲ್ಲಿ ಒಂದು ಬಣ್ಣಕ್ಕೆ ಒಂದು ಪ್ಲೇಟು, ಪೂರ್ಣವರ್ಣಕ್ಕೆ ನಾಲ್ಕು ಪ್ಲೇಟುಗಳು ಬೇಕಾಗುತ್ತವೆ. ಹದ ನೋಡಲು ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದುವ ಚಿತ್ರಕ್ಕೆ ಕಪ್ಪು ಗೆರೆಯೇ ಸಾಕು. ಚಾಕುವಿನ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕೆಂಬುದನ್ನು ಚಿತ್ರದ ಕೆಳಗೆ ಅಚ್ಚುಹಾಕಿಸಬೇಕು. ಅಂದಕ್ಕಾಗಿ ಬಣ್ಣಗಳನ್ನು ಹೆಚ್ಚಿಸಿ ಸಂಘದ ಹಣವನ್ನು ವ್ಯಯಮಾಡುವುದು ಉಚಿತವಲ್ಲ.

5. ಪ್ರತಿಗಳ ಸಂಖ್ಯೆ.—ಅಂದಾಜಿನಿಂದ ಹೇಳದೆ ಎಣಿಸಿ ಹೇಳಬೇಕು. ಆರು ಗ್ರಾಮಗಳಲ್ಲಿ 420 ತೋಟದ ಮನೆಗಳಿವೆಯೆಂದೂ, ಸಂಘದ ಕಚೇರಿ, ಔಷಧಿಯ ಅಂಗಡಿ, ಪಂಚಾಯತಿಯ ಫಲಕ ಮುಂತಾದುವುಗಳಿಗೆ 40 ಬೇಕೆಂದೂ ಇಟ್ಟುಕೊಂಡರೆ ಒಟ್ಟು 460 ಆಗುವುದು, 500 ಹಾಕಿಸಬಹುದು. ಪ್ಲೇಟು ಮಾಡುವ ಮತ್ತು ಯಂತ್ರ ಹೂಡುವ ವೆಚ್ಚವು 100 ಪ್ರತಿಗೂ 500 ಪ್ರತಿಗೂ ಹೆಚ್ಚುಕಡಮೆ ಒಂದೇ. ಆದುದರಿಂದ ಸಾಲದೆ ಬಂದು ಮತ್ತೊಮ್ಮೆ ಅಚ್ಚುಹಾಕಿಸಿದರೆ ಪ್ರತಿಯೊಂದರ ಬೆಲೆಯು ಏರುವುದು.

6. ದಿನಗಳು.—ಮೊದಲನೆಯ ಸಿಂಪಡಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆಯೂ, ಎರಡನೆಯದು 40–45 ದಿನಗಳ ತರುವಾಯವೂ ಆಗತಕ್ಕದ್ದು. ಆದಕಾರಣ ದಿನಗಳನ್ನು ಹಿಂದಿನಿಂದ ಎಣಿಸಬೇಕು: ಮೇ 10ಕ್ಕೆ ಹಂಚಿಕೆ ಮುಗಿಯಬೇಕಾದರೆ ಏಪ್ರಿಲ್ 30ಕ್ಕೆ ಪ್ರತಿಗಳು ಕೈಸೇರಬೇಕು, ಏಪ್ರಿಲ್ 20ಕ್ಕೆ ಕರಡಚ್ಚು ಬರಬೇಕು, ಏಪ್ರಿಲ್ 12ಕ್ಕೆ ಆದೇಶವು ತಲಪಿರಬೇಕು. ಚೈತ್ರ ವೈಶಾಖಗಳಲ್ಲಿ ಮದುವೆಯ ಲಗ್ನಪತ್ರಿಕೆಗಳ ಕೆಲಸವು ಅಚ್ಚುಕೂಟಗಳಲ್ಲಿ ವಿಶೇಷವಾಗಿರುವುದನ್ನು ಮರೆಯಬಾರದು. ಮಳೆ ಹಿಡಿದ ಮೇಲೆ ಬಂದ ಕರಪತ್ರವು ಮೊದಲನೆಯ ಸಿಂಪಡಣೆಗೆ ಒದಗದು.

7. ಕರಡಚ್ಚು.—ಕರಡಚ್ಚನ್ನು ಒಬ್ಬರೇ ನೋಡಬಾರದು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿರಲು ಮತ್ತೊಬ್ಬರು ಕರಡಚ್ಚಿನ ಮೇಲೆ ಬೆರಳಿಟ್ಟು ನೋಡುತ್ತ ಬರಬೇಕು. ಅಂಕಿಗಳನ್ನು ಮಾತ್ರ ಎರಡನೆಯ ಸಲ ಬೇರೆಯಾಗಿ ನೋಡಬೇಕು. ಬಳಿಕ ತೋಟದಲ್ಲಿ ದ್ರಾವಣ ಕಲಸುವ ಆಳೊಬ್ಬನಿಗೆ ಅದನ್ನು ಓದಿಸಿ ಅಥವಾ ಓದಿಹೇಳಿ, ಏನು ತಿಳಿಯಿತೆಂದು ಅವನ ಬಾಯಿಂದಲೇ ಕೇಳಬೇಕು. ಅವನಿಗೆ ತಿಳಿಯದ ಸಾಲು ಬದಲಾಗಬೇಕಾದ ಸಾಲು. ತಿದ್ದುಪಡಿಗಳಾದ ಮೇಲೆ ಮರಳಿ ಕರಡಚ್ಚನ್ನು ತರಿಸಿ, “ಅಚ್ಚುಹಾಕಬಹುದು” ಎಂದು ಬರೆದು, ತಾರೀಖಿನೊಡನೆ ರುಜು ಹಾಕಿ, ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಳ್ಳತಕ್ಕದ್ದು. ಮುಂದೆ ತಪ್ಪು ಕಂಡುಬಂದರೆ ಅದು ಯಾರ ಹೊಣೆಯೆಂಬುದನ್ನು ಈ ಪ್ರತಿಯೇ ಹೇಳುವುದು.

ಆದೇಶಪತ್ರದ ಮಾದರಿ

ಕೆಲಸ: ಕೊಳೆರೋಗದ ಕರಪತ್ರ.
ಓದುವವರು: ಅಡಕೆ ತೋಟದವರು, ಸಿಂಪಡಣೆಯ ಆಳುಗಳು.
ಅಳತೆ: 460 ಪ್ರತಿ ಎ-5, 40 ಪ್ರತಿ ಎ-4.
ಮುದ್ರಣ: ಒಂದೇ ಮಗ್ಗುಲು, ಕಪ್ಪು ಬಣ್ಣ, ಒಂದು ಗೆರೆಚಿತ್ರ.
ಕಾಗದ: ಎ-5ಕ್ಕೆ 80 ಜಿ.ಎಸ್.ಎಂ.; ಎ-4ಕ್ಕೆ ದಪ್ಪ ಕಾಗದ, ಲ್ಯಾಮಿನೇಷನ್ ಸಹಿತ.
ಅಂಕಿಗಳು: 1, 2, 3 ಎಂಬ ಲಿಪಿಯಲ್ಲಿ, ಪ್ರಮಾಣಗಳು ಅಕ್ಷರದಲ್ಲಿಯೂ.
ಕರಡಚ್ಚು: ಏಪ್ರಿಲ್ 20ರೊಳಗೆ, ನಮ್ಮ ರುಜುವಿಲ್ಲದೆ ಅಚ್ಚುಹಾಕಕೂಡದು.
ಒಪ್ಪಿಸುವ ದಿನ ಮತ್ತು ಸ್ಥಳ: ಏಪ್ರಿಲ್ 30, ಸಂಘದ ಕಚೇರಿ.
ದರ: ಕಾಗದ, ಮುದ್ರಣ, ಸಾಗಣೆ, ತೆರಿಗೆ ಎಲ್ಲವೂ ಸೇರಿ ಇಷ್ಟು ರೂಪಾಯಿ.
ಮಾತನಾಡತಕ್ಕವರು: ಸಂಘದ ಪರವಾಗಿ ಒಬ್ಬರೇ.

ಕಡೆಯ ಸಾಲನ್ನು ಅಲ್ಪವೆಂದು ಭಾವಿಸಬಾರದು. ಅಧ್ಯಕ್ಷರೊಂದು ತಿದ್ದುಪಡಿಯನ್ನೂ ಕಾರ್ಯದರ್ಶಿಗಳು ಮತ್ತೊಂದನ್ನೂ ಹೇಳಿಕಳುಹಿಸಿದರೆ ಮುದ್ರಕನು ಯಾರ ಮಾತನ್ನು ನಡೆಸಬೇಕು? ಇದೇ ಮಾದರಿಯ ಆದೇಶಪತ್ರವನ್ನು ಎರಡು ಮೂರು ಅಚ್ಚುಕೂಟಗಳಿಗೆ ಕಳುಹಿಸಿ ದರಗಳನ್ನು ತರಿಸಿದರೆ, ಎಲ್ಲರೂ ಒಂದೇ ಕೆಲಸಕ್ಕೆ ಬೆಲೆ ಹೇಳಿದಂತಾಗಿ ಹೋಲಿಸಿ ನೋಡುವುದೂ ಸುಲಭವಾಗುವುದು.

ಗ್ರಾಮದ ಮುಖಂಡರೂ ತೋಟದ ಯಜಮಾನರೂ ಮುಂಬರುವ ಮುಂಗಾರಿಗೆ ಮೈಲುತುತ್ತವನ್ನು ಕೊಳ್ಳುವ ವಿಚಾರವನ್ನು ಮಾಡುವಾಗಲೇ ಈ ಪತ್ರವನ್ನೂ ಬರೆದು ಸಿದ್ಧಪಡಿಸಿಕೊಳ್ಳಬೇಕೆಂದು ಅರಿಕೆ. ಆದೇಶಪತ್ರವನ್ನು ಬರೆಯುವುದಕ್ಕೆ ಒಂದು ಸಾಯಂಕಾಲ ಸಾಕು. ತಪ್ಪು ಅಳತೆಯಿಂದ ಸುಟ್ಟ ಗೊನೆಗೆ ಆ ವರ್ಷ ಮದ್ದಿಲ್ಲ.