ತೋಟದ ಮಣ್ಣು, ಹಳ್ಳದ ನೀರು



ಮಲೆನಾಡಿನ ಹಳ್ಳದ ನೀರಿನಲ್ಲಿ ಸಾಬೂನು ಬೇಗ ನೊರೆಯಾಗುತ್ತದೆ. ಬಚ್ಚಲ ಹಂಡೆಗೆ ಬಿಳಿ ಕರೆ ಕಟ್ಟುವುದು ಕಡಿಮೆ. ಬಯಲುಸೀಮೆಯ ಎರೆನೆಲದ ನೀರಿನ ಗುಣ ಇದಕ್ಕೆ ತದ್ವಿರುದ್ಧ. ಮಳೆ ಎರಡೂ ಕಡೆ ಮಳೆಯೇ. ವ್ಯತ್ಯಾಸ ಮಾಡುವುದು ಮಣ್ಣು.

ಶುದ್ಧ ಮಳೆನೀರು ಕೂಡ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸುಮಾರು 5.6 ಪಿ.ಹೆಚ್. ಇರುತ್ತದೆ. (7 ತಟಸ್ಥ, ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ.) ನೆಲಕ್ಕಿಳಿದ ಮೇಲೆ ಬೇರುಗಳು ಉಸಿರಾಡಿ ಬಿಟ್ಟ ಅದೇ ಅನಿಲ ಇನ್ನಷ್ಟು ಸೇರುತ್ತದೆ. ಈ ನೀರು ಸುಣ್ಣದ ಹರಳಿರುವ ಎರೆಮಣ್ಣಿನಲ್ಲಿ ಹಾದರೆ ಸುಣ್ಣವನ್ನು ಕರಗಿಸಿಕೊಂಡು ಬೈಕಾರ್ಬೊನೇಟನ್ನು ಪಡೆಯುತ್ತದೆ. ಇದೇ ನೀರಿನ ಕ್ಷಾರತೆ. ನಮ್ಮಲ್ಲಾದರೋ ತಲೆತಲಾಂತರದ ಜಡಿಮಳೆ ಸುಣ್ಣ, ಮೆಗ್ನೀಷಿಯಂಗಳನ್ನು ತೊಳೆದು ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚಿರುವ ಕೆಂಪು ಮಣ್ಣು. ನೀರಿಗೆ ಕರಗಿಸಿಕೊಳ್ಳಲು ಹೆಚ್ಚೇನೂ ಸಿಗದು.

ಪಿ.ಹೆಚ್. ಬೇರೆ, ಕ್ಷಾರತೆ ಬೇರೆ. ಮೊದಲನೆಯದು ಕೈಯಲ್ಲಿರುವ ನಗದಾದರೆ ಎರಡನೆಯದು ಸೊಸೈಟಿಯಲ್ಲಿಟ್ಟ ಠೇವಣಿ. ಒರತೆಯ ಬಾಯಲ್ಲಿ ಹುಳಿಯಾಗಿದ್ದ ನೀರು ಬಂಡೆಗಳ ಮೇಲೆ ಧುಮುಕುತ್ತಾ ಅನಿಲವನ್ನು ಬಿಟ್ಟುಕೊಟ್ಟು, ಕೆಳಗೆ ಹೋಗುವಷ್ಟರಲ್ಲಿ 7ರ ಹತ್ತಿರ ಬರಬಹುದು. ಪರೀಕ್ಷಾ ಕಾಗದ ನೋಡಿ ಹಳ್ಳ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಆದರೆ ಠೇವಣಿ ಏರಿರುವುದಿಲ್ಲ.

ಗೊಬ್ಬರವೂ ಈ ಲೆಕ್ಕಕ್ಕೆ ಸೇರುತ್ತದೆ. 100 ಕಿಲೋ ಅಮೋನಿಯಂ ಸಲ್ಫೇಟ್ ಮಣ್ಣಿನಲ್ಲಿ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 110 ಕಿಲೋ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕು. ಗಿಡ ಹೀರದ ನೈಟ್ರೇಟ್ ಮಳೆಯಲ್ಲಿ ಇಳಿದುಹೋಗುವಾಗ ಇದ್ದ ಸುಣ್ಣವನ್ನೂ ಜೊತೆಗೆ ಕರೆದೊಯ್ಯುತ್ತದೆ. ಮಣ್ಣಿನ ಪಿ.ಹೆಚ್. 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗತೊಡಗಿ ಬೇರಿಗೆ ಕಂಟಕ. ಅದು ಹಳ್ಳ ಸೇರಿದರೆ ಮೀನಿನ ಕಿವಿರಿಗೂ ಕೇಡು. ಮಣ್ಣು ಪರೀಕ್ಷೆ ಮಾಡಿಸದೆ ಅಂದಾಜಿನಲ್ಲಿ ಸುಣ್ಣ ಎರಚುವವರೂ ಇದ್ದಾರೆ. ಅದು ದುಡ್ಡು ದಂಡ.

ಈಗ ಪಲ್ಪರ್ ನೀರಿನ ವಿಷಯ. ಕಾಫಿ ಹಣ್ಣಿನ ಸಕ್ಕರೆ ಹುದುಗಿ ಆ ನೀರು 4ರ ಆಸುಪಾಸಿಗೆ ಇಳಿಯುತ್ತದೆ. ಪಲ್ಪಿಂಗ್ ನಡೆಯುವುದೂ ಹಳ್ಳ ಸೊರಗುವ ಕಾಲದಲ್ಲೇ. ಎರೆಸೀಮೆಯ ಹೊಳೆ ತಾಳಿಕೊಳ್ಳಬಹುದಾದ ಹುಳಿಯನ್ನು ಠೇವಣಿಯಿಲ್ಲದ ನಮ್ಮ ಹಳ್ಳ ತಾಳದು. ಕೆಳಗಿನ ತೋಟದವರೂ, ದನಕರುಗಳೂ ಅದನ್ನೇ ನಂಬಿರುತ್ತಾರೆ. ಆದ್ದರಿಂದ ಅದನ್ನು ತೊಟ್ಟಿಯಲ್ಲಿ ಹಿಡಿದು, ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಕಾಗದದಲ್ಲಿ 7 ತೋರುವವರೆಗೆ ಕಲಕಬೇಕು. ಇಷ್ಟಾದರೂ ಹಳ್ಳಕ್ಕೆ ಬಿಡುವಂತಿಲ್ಲ. ಸುಣ್ಣ ತಣಿಸುವುದು ಹುಳಿಯನ್ನು ಮಾತ್ರ. ಕೊಳೆಯುವ ಪದಾರ್ಥ ಹಾಗೆಯೇ ಉಳಿದು, ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಅದನ್ನು ಕಳೆಯಲು ಶುದ್ಧೀಕರಣದ ಮುಂದಿನ ಹೊಂಡಗಳು ಬೇಕೇ ಬೇಕು.