ಖಾಲಿ ಬಿಟ್ಟ ಮನೆಗಳು

1868ರಲ್ಲಿ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೊಬ್ಬನು ತನ್ನ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪಠ್ಯಪುಸ್ತಕವೊಂದನ್ನು ಬರೆಯತೊಡಗಿದನು. ಅವನ ಹೆಸರು ಡಿಮಿಟ್ರಿ ಇವಾನೊವಿಚ್ ಮೆಂಡಲೀವ್. ಅವನು ಹುಟ್ಟಿದ್ದು 1834ರಲ್ಲಿ, ಸೈಬೀರಿಯಾದ ಟೊಬೋಲ್ಸ್ಕ್ ಎಂಬ ಊರಿನಲ್ಲಿ. ತಂದೆ ಶಾಲೆಯೊಂದರ ಮುಖ್ಯಸ್ಥನಾಗಿದ್ದನು. ಕಣ್ಣು ಕಳೆದುಕೊಂಡು ಆ ಕೆಲಸವನ್ನು ಬಿಡಬೇಕಾಯಿತು. ತಾಯಿ ಮರಿಯಾ ಗಾಜಿನ ಕಾರ್ಖಾನೆಯೊಂದನ್ನು ನಡೆಸಿ ದೊಡ್ಡ ಸಂಸಾರವನ್ನು ಸಾಕಿದಳು. 1848ರಲ್ಲಿ ಆ ಕಾರ್ಖಾನೆಯೂ ಬೆಂಕಿಗೆ ಆಹುತಿಯಾಯಿತು. ಆಕೆ ಎದೆಗುಂದಲಿಲ್ಲ. ಕಿರಿಯ ಮಗನನ್ನು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ರಾಜಧಾನಿಗೆ ಕರೆತಂದು ಉಪಾಧ್ಯಾಯರ ಶಿಕ್ಷಣ ಸಂಸ್ಥೆಗೆ ಸೇರಿಸಿದಳು. ಸೇರಿಸಿದ ವರ್ಷವೇ, ಅಂದರೆ 1850ರಲ್ಲಿ, ತೀರಿಕೊಂಡಳು.

ಪುಸ್ತಕ ಬರೆಯುತ್ತಿದ್ದಂತೆ ಮೆಂಡಲೀವನಿಗೆ ಒಂದು ತೊಡಕು ಎದುರಾಯಿತು. ಆಗ ತಿಳಿದಿದ್ದ ಮೂಲವಸ್ತುಗಳು 63. ಯಾವುದನ್ನು ಮೊದಲು ಹೇಳಬೇಕು? ಯಾವುದನ್ನು ಆಮೇಲೆ ಹೇಳಬೇಕು? ಬಿಡಿಬಿಡಿಯಾಗಿ ಹೇಳುತ್ತ ಹೋದರೆ ವಿದ್ಯಾರ್ಥಿಯು ಕಂಠಪಾಠ ಮಾಡಬೇಕಲ್ಲದೆ ಬೇರೆ ದಾರಿಯಿಲ್ಲ. ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳು ಒಂದು ಕುಟುಂಬದಂತೆ ವರ್ತಿಸುತ್ತವೆ; ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂಗಳು ಇನ್ನೊಂದು ಕುಟುಂಬ. ಇವೆರಡನ್ನೂ ಪರಮಾಣು ತೂಕಗಳೊಡನೆ ಅಕ್ಕಪಕ್ಕದಲ್ಲಿ ಬರೆದು ನೋಡಿದರೆ ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೊಡಿನ್ 127, ಸೀಸಿಯಂ 133. ಒಂದರ ಬೆನ್ನಿಗೇ ಇನ್ನೊಂದು! ತೂಕದ ಏರಿಕೆಯಲ್ಲಿ ಮೂಲವಸ್ತುಗಳನ್ನು ಸಾಲಾಗಿ ನಿಲ್ಲಿಸಿದರೆ ಗುಣಗಳು ಮತ್ತೆ ಮತ್ತೆ ಮರುಕಳಿಸುತ್ತವೆ ಎಂಬುದು ಅವನಿಗೆ ಹೊಳೆಯಿತು. ಇಂದಿನ ಕ್ಯಾಲೆಂಡರಿನಂತೆ 1869ರ ಮಾರ್ಚ್ 1ರಂದು ಅವನ ಮೊದಲ ಆವರ್ತ ಕೋಷ್ಟಕವು ಸಿದ್ಧವಾಯಿತು.

ಈ ದಿಕ್ಕಿನಲ್ಲಿ ಯೋಚಿಸಿದವನು ಅವನೊಬ್ಬನೇ ಅಲ್ಲ. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಜರ್ಮನಿಯ ಲೋಥರ್ ಮೇಯರ್ ಮೊದಲಾದವರೂ ಇಂತಹ ಪಟ್ಟಿಗಳನ್ನು ರಚಿಸಿದ್ದರು. ಮೆಂಡಲೀವನ ಹಿರಿಮೆ ಇರುವುದು ಅವನು ತುಂಬಿದ ಮನೆಗಳಲ್ಲಿ ಮಾತ್ರವಲ್ಲ, ತುಂಬದೆ ಬಿಟ್ಟ ಮನೆಗಳಲ್ಲಿ.

ಆಗ ತಿಳಿದಿದ್ದವುಗಳಲ್ಲಿ 65 ತೂಕದ ಸತುವಿನ ಅನಂತರ ಬರುವುದು 75 ತೂಕದ ಆರ್ಸೆನಿಕ್. ಅದನ್ನು ಸತುವಿನ ಪಕ್ಕದ ಮನೆಯಲ್ಲಿಯೇ ಇಟ್ಟರೆ ಅದು ಅಲ್ಯುಮಿನಿಯಮ್ಮಿನ ಗುಂಪಿಗೆ ಸೇರುತ್ತದೆ. ಆದರೆ ಆರ್ಸೆನಿಕ್ಕಿನ ನಡೆನುಡಿಯೆಲ್ಲ ರಂಜಕದಂತೆ. ಮೆಂಡಲೀವನು ಅದನ್ನು ರಂಜಕದ ಗುಂಪಿಗೆ ಸೇರಿಸಿ, ನಡುವೆ ಎರಡು ಮನೆಗಳನ್ನು ಖಾಲಿ ಬಿಟ್ಟನು. ಇಷ್ಟಕ್ಕೇ ಸುಮ್ಮನಾಗದೆ, ಯಾರೂ ಕಾಣದ ಆ ವಸ್ತುಗಳಿಗೆ ಸಂಸ್ಕೃತದ ‘ಏಕ’ ಎಂಬ ಪದವನ್ನು ಸೇರಿಸಿ ಹೆಸರನ್ನೂ ಇಟ್ಟನು. ಅಲ್ಯುಮಿನಿಯಮ್ಮಿನಿಂದ ಒಂದು ಮನೆ ಆಚೆಗಿರುವುದು ಏಕ-ಅಲ್ಯುಮಿನಿಯಂ, ಸಿಲಿಕಾನಿನಿಂದ ಒಂದು ಮನೆ ಆಚೆಗಿರುವುದು ಏಕ-ಸಿಲಿಕಾನ್. 1871ರಲ್ಲಿ ಅವುಗಳ ಗುಣಗಳನ್ನು ವಿವರವಾಗಿ ಪ್ರಕಟಿಸಿದನು.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಎಂಬ ವಿಜ್ಞಾನಿಯು ಸತುವಿನ ಅದಿರಿನಲ್ಲಿ ಹೊಸ ಲೋಹವೊಂದನ್ನು ಕಂಡುಹಿಡಿದು ಗ್ಯಾಲಿಯಂ ಎಂದು ಕರೆದನು. ಅಂಗೈಯಲ್ಲಿಟ್ಟರೆ ದೇಹದ ಶಾಖಕ್ಕೇ ಕರಗುವ ವಿಚಿತ್ರ ಲೋಹ ಅದು. ಅದರ ಸಾಪೇಕ್ಷ ಸಾಂದ್ರತೆಯನ್ನು ಅವನು 4.7 ಎಂದು ಅಳೆದನು. ಆ ಲೋಹವನ್ನು ಕಣ್ಣಿನಿಂದ ಕೂಡ ನೋಡದಿದ್ದ ಮೆಂಡಲೀವನು, ಅದು ತನ್ನ ಏಕ-ಅಲ್ಯುಮಿನಿಯಂ ಎಂದೂ ಸಾಂದ್ರತೆಯು 5.9ರ ಆಸುಪಾಸಿನಲ್ಲಿ ಇರತಕ್ಕದ್ದೆಂದೂ ತಿಳಿಸಿದನು! ಲೋಹವನ್ನು ಶುದ್ಧಿಗೊಳಿಸಿ ಪುನಃ ಅಳೆದಾಗ 5.9 ಎಂದೇ ಬಂದಿತು. 1886ರಲ್ಲಿ ಜರ್ಮನಿಯ ವಿಂಕ್ಲರನು ಕಂಡುಹಿಡಿದ ಜರ್ಮೇನಿಯಂ, ಏಕ-ಸಿಲಿಕಾನಿನ ಮನೆಯನ್ನು ತುಂಬಿತು.

ಇಂತಹ ಮೆಂಡಲೀವನೂ ಒಂದೆಡೆ ಎಡವಿದನು. ಟೆಲ್ಲುರಿಯಂ ಅಯೊಡಿನ್ನಿಗಿಂತ ಭಾರವಾದುದು. ತೂಕದ ಪ್ರಕಾರ ಅಯೊಡಿನ್ ಮೊದಲು ಬರಬೇಕು. ಆದರೆ ಗುಣವನ್ನು ನೋಡಿ ಅವನು ಟೆಲ್ಲುರಿಯಮ್ಮನ್ನೇ ಮೊದಲು ಇಟ್ಟನು. ಇಟ್ಟ ಸ್ಥಾನ ಸರಿಯಾಗಿತ್ತು. ಕೊಟ್ಟ ಕಾರಣ ತಪ್ಪಾಗಿತ್ತು. ಟೆಲ್ಲುರಿಯಮ್ಮಿನ ತೂಕವನ್ನು ಅಳೆದವರು ತಪ್ಪಿದ್ದಾರೆ ಎಂದು ಅವನು ಭಾವಿಸಿದನು. ಎಷ್ಟು ಸಲ ಅಳೆದರೂ ಆ ತೂಕ ಇಳಿಯಲಿಲ್ಲ. 1907ರಲ್ಲಿ ಅವನು ನಿಧನ ಹೊಂದಿದಾಗಲೂ ಈ ಒಗಟು ಹಾಗೆಯೇ ಉಳಿದಿತ್ತು.

ಉತ್ತರವು ಪರಮಾಣುವಿನ ಒಳಗೆ ಅಡಗಿತ್ತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದನು. ಪರಮಾಣುವಿನ ನಡುವೆ ಧನವಿದ್ಯುತ್ತಿನಿಂದ ಕೂಡಿದ ಅತಿ ಸಣ್ಣ ಬೀಜಕೇಂದ್ರವಿದೆಯೆಂದು 1911ರಲ್ಲಿ ರುದರ್‌ಫರ್ಡ್ ತೋರಿಸಿಕೊಟ್ಟನು. ಅವನ ಪ್ರಯೋಗಶಾಲೆಯಲ್ಲಿದ್ದ ಹೆನ್ರಿ ಮೋಸ್ಲಿ ಎಂಬ ತರುಣನು 1913ರಲ್ಲಿ ಒಂದೊಂದು ಮೂಲವಸ್ತುವೂ ಹೊರಸೂಸುವ ಕ್ಷ-ಕಿರಣಗಳನ್ನು ಅಳೆಯತೊಡಗಿದನು. ಕಿರಣಗಳ ಆವೃತ್ತಿಯ ವರ್ಗಮೂಲವು ಒಂದು ಮೂಲವಸ್ತುವಿನಿಂದ ಮುಂದಿನದಕ್ಕೆ ಮೆಟ್ಟಿಲು ಹತ್ತಿದಂತೆ ಸಮನಾಗಿ ಏರುತ್ತಿತ್ತು. ಹೀಗೆ ಏರುತ್ತಿದ್ದುದು ತೂಕವಲ್ಲ, ಬೀಜಕೇಂದ್ರದ ಧನವಿದ್ಯುತ್ತಿನ ಪ್ರಮಾಣ. ಅದೇ ಪರಮಾಣು ಸಂಖ್ಯೆ. ಟೆಲ್ಲುರಿಯಮ್ಮಿನದು 52, ಅಯೊಡಿನ್ನಿನದು 53. ಟೆಲ್ಲುರಿಯಮ್ಮಿನ ಹೆಚ್ಚಿನ ತೂಕಕ್ಕೆ ಕಾರಣ ಅದರ ಬೀಜಕೇಂದ್ರದಲ್ಲಿರುವ ಹೆಚ್ಚಿನ ನ್ಯೂಟ್ರಾನುಗಳು. ವಿದ್ಯುತ್ತಿಲ್ಲದ ಈ ಕಣಗಳನ್ನು 1932ರಲ್ಲಿ ಚಾಡ್‌ವಿಕ್ ಕಂಡುಹಿಡಿದನು.

ಗುಣಗಳು ಮರುಕಳಿಸುವುದೇಕೆ ಎಂಬುದೂ ಇದರಿಂದ ತಿಳಿಯಾಯಿತು. ಪರಮಾಣು ಸಂಖ್ಯೆ ಎಷ್ಟೋ ಅಷ್ಟೇ ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತಲೂ ಕವಚ ಕವಚವಾಗಿ ಇರುತ್ತವೆ. ಅಲ್ಯುಮಿನಿಯಮ್ಮಿನಲ್ಲಿ ಅವು 2, 8, 3. ಗ್ಯಾಲಿಯಮ್ಮಿನಲ್ಲಿ 2, 8, 18, 3. ಎರಡರ ಹೊರಕವಚದಲ್ಲಿಯೂ ಮೂರೇ. ಇತರ ವಸ್ತುಗಳೊಡನೆ ಕೊಡುಕೊಳ್ಳುವ ವ್ಯವಹಾರಕ್ಕೆ ಒದಗುವವು ಮುಖ್ಯವಾಗಿ ಈ ಹೊರಗಿನ ಎಲೆಕ್ಟ್ರಾನುಗಳೇ. ಮೆಂಡಲೀವನು ಗುಣಗಳಿಂದ ಗುರುತಿಸಿದ ಕೌಟುಂಬಿಕ ಹೋಲಿಕೆಯ ಗುಟ್ಟು ಇದು.

ಮೋಸ್ಲಿಯ ಮೆಟ್ಟಿಲಿನಲ್ಲಿಯೂ 43, 61, 75ನೆಯ ಹಂತಗಳು ಬರಿದಾಗಿದ್ದವು. ಇವುಗಳಲ್ಲಿ ಮೊದಲನೆಯದು ಮತ್ತು ಕೊನೆಯದು, ಮೆಂಡಲೀವನು ‘ಏಕ-ಮ್ಯಾಂಗನೀಸ್’, ‘ದ್ವಿ-ಮ್ಯಾಂಗನೀಸ್’ ಎಂದು ಹೆಸರಿಟ್ಟು ಕಾದಿರಿಸಿದ್ದ ಮನೆಗಳೇ. ಅವುಗಳನ್ನು ತುಂಬುವ ಅವಕಾಶ ಮೋಸ್ಲಿಗೆ ದೊರೆಯಲಿಲ್ಲ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವನು ಸೈನ್ಯಕ್ಕೆ ಸೇರಿದನು. 1915ರ ಆಗಸ್ಟ್ 10ರಂದು ತುರ್ಕಿಯ ಗಲಿಪೊಲಿಯಲ್ಲಿ ಗುಂಡು ತಗುಲಿ ಮಡಿದನು. ಆಗ ಅವನ ವಯಸ್ಸು 27. ಎಪ್ಪತ್ತೈದನೆಯ ಮನೆಯು 1925ರಲ್ಲಿ, ನಲವತ್ತಮೂರನೆಯದು 1937ರಲ್ಲಿ, ಅರುವತ್ತೊಂದನೆಯದು 1945ರಲ್ಲಿ ತುಂಬಿದವು.