ಸತ್ತ ಕಂಪ್ಯೂಟರಿನ ಲೈಸೆನ್ಸು ಎಲ್ಲಿಗೆ ಹೋಗ್ತದೆ?

ತುಲಾ ತಿಂಗಳ ಮಳೆ ನಮ್ಮ ಕಾಸರಗೋಡಿನ ಕಡೆ ಹೇಗೆ ಬರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನದವರೆಗೆ ಸುಡುಬಿಸಿಲು, ಶಾಲೆ ಬಿಡುವ ಹೊತ್ತಿಗೆ ಗುಡುಗು. ಅಂಥ ಒಂದು ಸಂಜೆ ನಮ್ಮ ಆಫೀಸು ಕೋಣೆಯ ಕಂಪ್ಯೂಟರಿಗೆ ಸಿಡಿಲಿನ ಪೆಟ್ಟು ಬಿತ್ತು. ಪ್ಲಗ್ ತೆಗೆದಿರಲಿಲ್ಲ, ತಪ್ಪು ನನ್ನದೇ. ಮರುದಿನ ರಿಪೇರಿಯವರು ಬಂದು ಬಿಚ್ಚಿ ನೋಡಿ, "ಮದರ್‌ಬೋರ್ಡ್ ಹೋಯ್ತು ಮಾಷ್ಟ್ರೇ, ಹಾರ್ಡ್ ಡಿಸ್ಕಿಗೆ ಎಂತ ಆಗ್ಲಿಲ್ಲ" ಎಂದರು.

ಡಿಸ್ಕ್ ಉಳಿದದ್ದಕ್ಕೆ ನಮಗೆ ಜೀವ ಬಂದಂತಾಯಿತು. ಯಾಕೆಂದರೆ ಮಕ್ಕಳು ಬರೆದ ಕತೆ, ಕವನಗಳ ಶಾಲಾ ಸಂಚಿಕೆ ಅದರಲ್ಲಿತ್ತು. ಪುಟ ಜೋಡಿಸಿ ಮುಗಿದಿತ್ತು, ಎಂಟು ದಿನದಲ್ಲಿ ಮುದ್ರಣಾಲಯಕ್ಕೆ ಕೊಡಬೇಕು. ಫೈಲುಗಳನ್ನು ಬೇರೆ ಕಂಪ್ಯೂಟರಿಗೆ ತುಂಬಿಸಿದೆವು. ಪುಟ ಜೋಡಿಸುವ ತಂತ್ರಾಂಶವನ್ನು ದುಡ್ಡು ಕೊಟ್ಟು ತಂದದ್ದು, ಅದರ ಸಿ.ಡಿ. ಕಪಾಟಿನಲ್ಲಿತ್ತು. ಅದನ್ನೂ ಹಾಕಿ, ಕವರಿನ ಮೇಲಿದ್ದ ಕೀಲಿ ಸಂಖ್ಯೆ ಒತ್ತಿದೆವು. ಪರದೆಯ ಮೇಲೆ ಬಂದ ಉತ್ತರ: ಈ ಕೀಲಿ ಈಗಾಗಲೇ ಬೇರೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ.

ಹಿಂದೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು, "ಆ ಕಂಪ್ಯೂಟರ್ ಸತ್ತಿದೆಯಲ್ಲ ಸರ್, ಮತ್ತೆ ಬಳಕೆಯಲ್ಲಿ ಇರುವುದು ಹೇಗೆ?"

ಒಳ್ಳೆಯ ಪ್ರಶ್ನೆ. ಈ ಪಾಠ ಅದಕ್ಕೇ ಉತ್ತರ.

ಮೊದಲಿಗೆ ಮೂರು ವಸ್ತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ನೀವು ಬರೆದ ಫೈಲು ನಿಮ್ಮದು. ಅದನ್ನು ತೆರೆಯುವ ತಂತ್ರಾಂಶ ಬೇರೆಯವರದು. ಅದನ್ನು ಬಳಸಲು ನಿಮಗಿರುವ ಅಪ್ಪಣೆಯೇ ಲೈಸೆನ್ಸು, ಅಂದರೆ ಪರವಾನಿಗೆ. ಅಂಗಡಿಯಲ್ಲಿ ನಾವು ಕೊಳ್ಳುವುದು ಹೆಚ್ಚಾಗಿ ಈ ಅಪ್ಪಣೆಯನ್ನು ಮಾತ್ರ. ಬಸ್ಸಿನ ಕನ್ಸೆಶನ್ ಕಾರ್ಡಿನಲ್ಲಿ ನಿಮ್ಮ ಹೆಸರು, ಶಾಲೆ, ಹೋಗುವ ದಾರಿ ಬರೆದಿರುತ್ತದಲ್ಲ? ಕಾರ್ಡು ಕೈಯಲ್ಲಿದ್ದರೂ ಅದನ್ನು ಪಕ್ಕದ ಮನೆಯವನಿಗೆ ಕೊಡಲಾಗುವುದಿಲ್ಲ. ಹಾಗೆಯೇ ಅನೇಕ ಪರವಾನಿಗೆಗಳಲ್ಲಿ ಒಂದು ಕಂಪ್ಯೂಟರಿನ "ಹೆಸರು" ಬರೆದಿರುತ್ತದೆ.

ಕಂಪ್ಯೂಟರಿಗೆ ಹೆಸರು ಎಲ್ಲಿಂದ ಬಂತು? ಅದರ ಭಾಗಗಳಿಂದ. ಮದರ್‌ಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮುಂತಾದವುಗಳಿಗೆ ತಯಾರಿಸಿದವರು ಕೊಟ್ಟ ಸಂಖ್ಯೆಗಳಿರುತ್ತವೆ. ತಂತ್ರಾಂಶ ಅವುಗಳನ್ನು ಓದಿ, ಕಲಸಿ ಒಂದು ಸಣ್ಣ ಸಂಖ್ಯೆ ಮಾಡುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಕಾಗದದ ಮೇಲೆ ಒಂದು ಆಟಿಕೆ ಹ್ಯಾಶ್ ಮಾಡಿ ನೋಡೋಣ. ಬೋರ್ಡಿನ ಸಂಖ್ಯೆ 4821, ಡಿಸ್ಕಿನದು 7730, ನೆಟ್‌ವರ್ಕ್ ಕಾರ್ಡಿನದು 1596 ಎಂದಿರಲಿ. ಮೊದಲನೆಯದನ್ನು 3ರಿಂದ, ಎರಡನೆಯದನ್ನು 7ರಿಂದ, ಮೂರನೆಯದನ್ನು 11ರಿಂದ ಗುಣಿಸಿ ಕೂಡಿಸಿದರೆ 14463 + 54110 + 17556 = 86129. ಇದನ್ನು 97ರಿಂದ ಭಾಗಿಸಿದರೆ ಉಳಿಯುವ ಶೇಷ 90. ಕೀಲಿಯ ಜೊತೆ ಈ 90 ಕಂಪೆನಿಯ ಸರ್ವರಿನಲ್ಲಿ ದಾಖಲಾಗುತ್ತದೆ.

ಈಗ ಬೋರ್ಡ್ ಸುಟ್ಟು ಹೊಸದು ಬಂತು, ಅದರ ಸಂಖ್ಯೆ 5217. ಮೊತ್ತ 87317, ಶೇಷ 17. ಡಿಸ್ಕ್ ಅದೇ, ಕಾರ್ಡ್ ಅದೇ, ಕುಳಿತ ಮೇಜು ಕೂಡ ಅದೇ. ಆದರೆ ಸರ್ವರಿನ ಲೆಕ್ಕದಲ್ಲಿ ಬಂದವರು ಬೇರೆ ಯಾರೋ. ಇನ್ನೊಂದು ಗಮನಿಸಿ: 90 ಎಂಬುದನ್ನು ಮಾತ್ರ ಕೊಟ್ಟರೆ ಮೂಲದ ಮೂರು ಸಂಖ್ಯೆ ಹೇಳಲಾದೀತೇ? ಆಗದು, 90 ಶೇಷ ಕೊಡುವ ಜೋಡಣೆಗಳು ಎಷ್ಟೋ ಉಂಟು. ಹ್ಯಾಶ್ ಒಮ್ಮುಖ ರಸ್ತೆ. ನಿಜವಾದ ಹ್ಯಾಶ್‌ಗಳು ಇದಕ್ಕಿಂತ ಬಹಳ ಗಟ್ಟಿ, ಮತ್ತು ತಂತ್ರಾಂಶಗಳು ಒಂದೆರಡು ಸಣ್ಣ ಭಾಗ ಬದಲಾದರೆ ಸುಮ್ಮನಿರುವಂತೆ ಸಡಿಲ ಬಿಟ್ಟಿರುತ್ತವೆ. ಮದರ್‌ಬೋರ್ಡ್ ಬದಲಾದರೆ ಮಾತ್ರ ಸುಮ್ಮನಿರುವುದು ಕಡಿಮೆ.

ಕೀಲಿ ಸಂಖ್ಯೆಯ ಬಗ್ಗೆಯೂ ಒಂದು ಮಾತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕೀಲಿಯಲ್ಲಿ 25 ಅಕ್ಷರ, ಐದೈದರ ಐದು ಗುಂಪು. ಅದರಲ್ಲಿ ಬಳಸುತ್ತಿದ್ದ ಚಿಹ್ನೆಗಳು 24 ಮಾತ್ರ. ಸೊನ್ನೆಯೂ ಇಲ್ಲ, ಇಂಗ್ಲಿಷಿನ ಓ ಕೂಡ ಇಲ್ಲ; ಒಂದೂ ಇಲ್ಲ, ಐ ಕೂಡ ಇಲ್ಲ. ಕಾರಣ ನಿಮಗೇ ಹೊಳೆದೀತು. 24ನ್ನು 25 ಸಲ ಗುಣಿಸಿದರೆ 35 ಅಂಕೆಗಳ ಸಂಖ್ಯೆ ಬರುತ್ತದೆ. ಊಹಿಸಿ ಒತ್ತುತ್ತಾ ಕುಳಿತರೆ ಮುಗಿಯುವ ಕೆಲಸವಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಪರವಾನಿಗೆಯನ್ನು ಬೇರೆ ಕಂಪ್ಯೂಟರಿಗೆ ಸಾಗಿಸುವ ಸರಿಯಾದ ಕ್ರಮ ಉಂಟು: ಹಳೆಯದರಲ್ಲಿ ನಿಷ್ಕ್ರಿಯಗೊಳಿಸಿ, ಹೊಸದರಲ್ಲಿ ಸಕ್ರಿಯಗೊಳಿಸುವುದು. ಆದರೆ "ನಾನು ಬಿಟ್ಟುಕೊಟ್ಟೆ" ಎಂದು ಸರ್ವರಿಗೆ ಹೇಳಬೇಕಾದದ್ದು ಹಳೆಯ ಕಂಪ್ಯೂಟರೇ. ಅದು ಸತ್ತಿದೆ. ಸತ್ತವರು ರಾಜೀನಾಮೆ ಬರೆಯುವುದಿಲ್ಲವಲ್ಲ! ಅದು ಸತ್ತ ಸುದ್ದಿ ಸರ್ವರಿಗೆ ತಲುಪಲು ಬೇರೆ ದಾರಿಯೂ ಇಲ್ಲ. ಹಾಗಾಗಿ ಅದರ ಪುಸ್ತಕದಲ್ಲಿ ಆ ಕುರ್ಚಿ ಇನ್ನೂ ತುಂಬಿಯೇ ಇರುತ್ತದೆ. ಆಗ ಮನುಷ್ಯರೇ ಮಧ್ಯೆ ಬರಬೇಕು: ಮಾರಿದವರಿಗೆ ಬರೆದು, ಬಿಲ್ಲು ತೋರಿಸಿ, ಹಳೆಯ ದಾಖಲೆ ತೆಗೆಸಬೇಕು.

ಎಲ್ಲ ಪರವಾನಿಗೆಗೂ ಈ ಸೌಲಭ್ಯ ಇಲ್ಲ. ಹೊಸ ಲ್ಯಾಪ್‌ಟಾಪಿನ ಜೊತೆಗೇ ಬರುವ ವಿಂಡೋಸ್ ಆ ಯಂತ್ರಕ್ಕೇ ಸೇರಿದ್ದು. ವಿಂಡೋಸ್ 8ರಿಂದೀಚೆಗೆ ಅಂಥವುಗಳ ಕೀಲಿಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಡುತ್ತಾರೆ. ಯಂತ್ರ ಹೋದರೆ ಅದೂ ಹೋಯಿತು. ಬಿಡಿಯಾಗಿ ಕೊಂಡದ್ದನ್ನು ಸಾಗಿಸಬಹುದು, ಹಳೆಯದರಲ್ಲಿ ಉಳಿಸಿಕೊಳ್ಳಬಾರದು ಅಷ್ಟೆ. 2016ರಿಂದ ವಿಂಡೋಸ್ 10ರ ಪರವಾನಿಗೆಯನ್ನು ಬಳಕೆದಾರರ ಖಾತೆಗೆ ಜೋಡಿಸಿಡಲು ಬರುತ್ತದೆ. ಆಗ ಬೋರ್ಡ್ ಬದಲಾದರೂ ಖಾತೆಯ ಮೂಲಕ "ನಾನೇ" ಎಂದು ಹೇಳಬಹುದು. ಹಿಂದೆ ಡಿಟಿಪಿ ಅಂಗಡಿಗಳಲ್ಲಿ ಡಾಂಗಲ್ ಎಂಬ ಸಣ್ಣ ಬೀಗ ಇರುತ್ತಿತ್ತು. ಅದನ್ನು ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಮಾತ್ರ ತಂತ್ರಾಂಶ ನಡೆಯುತ್ತದೆ. ಸಾಗಿಸುವುದು ಸುಲಭ, ಕಿತ್ತು ಬೇರೆ ಕಡೆ ಸಿಕ್ಕಿಸಿದರಾಯಿತು. ಆದರೆ ಹಳೆಯ ಪ್ರಿಂಟರ್ ಪೋರ್ಟಿಗೆ ಹಾಕುವ ಡಾಂಗಲಿಗೆ ಇಂದಿನ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ.

ನಮ್ಮ ಐಟಿ ಲ್ಯಾಬಿನಲ್ಲಿ ಈ ತಾಪತ್ರಯ ಯಾಕಿಲ್ಲ? ಕೇರಳದ ಶಾಲೆಗಳಿಗೆ ಕೈಟ್ ಒದಗಿಸುವುದು ಗ್ನು/ಲಿನಕ್ಸ್. ಸ್ವತಂತ್ರ ತಂತ್ರಾಂಶಕ್ಕೂ ಪರವಾನಿಗೆ ಉಂಟು, ಮರೆಯಬೇಡಿ. ಆದರೆ ಅದು ಪ್ರತಿ ಮಾಡಲು, ಹಂಚಲು, ಬದಲಾಯಿಸಲು ಕೊಟ್ಟ ಅಪ್ಪಣೆ. ಕೀಲಿ ಕೇಳುವವರಿಲ್ಲ. ಹತ್ತು ಕಂಪ್ಯೂಟರ್ ಸತ್ತರೂ ಹನ್ನೊಂದನೆಯದಕ್ಕೆ ಹಾಕಿಕೊಳ್ಳಬಹುದು.

ನಮ್ಮ ಸಂಚಿಕೆಯ ವಿಷಯ ಹೇಳುವುದಾದರೆ, ಬಿಲ್ಲು ಪಿಟಿಎ ಲೆಕ್ಕದ ಫೈಲಿನಲ್ಲಿ ಸಿಕ್ಕಿತು. ತೊಂದರೆ ಬಂದದ್ದು ಬೇರೆ ಕಡೆ: ಕೀಲಿ ನೋಂದಾಯಿಸಿದ ಇ-ಮೇಲ್ ಶಾಲೆಯದ್ದಲ್ಲ, ನಿವೃತ್ತರಾದ ಒಬ್ಬ ಮಾಷ್ಟ್ರದ್ದು. ಅವರು ಪಾಸ್‌ವರ್ಡನ್ನೇ ಮರೆತಿದ್ದರು. ಎರಡು ದಿನ ಅದರಲ್ಲೇ ಹೋಯಿತು. ಆ ನಡುವೆ ಹುಡುಗರು ಫೈಲನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ತೆರೆಯಲು ನೋಡಿದರು. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂತು, ಏಕೆಂದರೆ ಅದು ಯೂನಿಕೋಡ್ ಅಲ್ಲ, ಆ ತಂತ್ರಾಂಶದ ಜೊತೆಗೆ ಬಂದ ಹಳೆಯ ಫಾಂಟ್. ಫೈಲು ನಮ್ಮದೇ, ಓದುವ ಕಣ್ಣು ಮಾತ್ರ ಬೇರೆಯವರದಾಗಿತ್ತು. ಐದನೆಯ ದಿನ ಮಾರಿದವರಿಂದ ಉತ್ತರ ಬಂತು, ಹಳೆಯ ದಾಖಲೆ ತೆಗೆದಿದ್ದೇವೆ ಎಂದು. ಅದೇ ಸಂಜೆ ಪುಟಗಳನ್ನು ಪಿಡಿಎಫ್ ಮಾಡಿ, ಕತೆಗಳನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿ ಎರಡು ಪೆನ್ ಡ್ರೈವಿನಲ್ಲಿ ಇಟ್ಟೆವು. ಪ್ಲಗ್ಗನ್ನೂ ತೆಗೆದೆ.

ಮಾಡಿ ನೋಡಿ: ಲ್ಯಾಬಿನ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ಐಪಿ ಲಿಂಕ್ ಎಂಬ ಆಜ್ಞೆ ಕೊಡಿ (ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಒಂದು ಜಾಗ). ಎರಡೆರಡರಂತೆ ಆರು ಜೋಡಿಯಾಗಿ ಬರುವ 12 ಚಿಹ್ನೆಗಳೇ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ. ಪಕ್ಕದ ಕಂಪ್ಯೂಟರಿನದನ್ನೂ ಬರೆದುಕೊಂಡು, ಮೊದಲ ಮೂರು ಜೋಡಿ ಒಂದೇ ಇದೆಯೇ ನೋಡಿ. ಇದ್ದರೆ ಏಕಿರಬಹುದು?